ಮೊದಲ ಪಾಠದ ವಿಮಾನ

2025ರ ಅಕ್ಟೋಬರ್ 24ರಂದು ಬೆಂಗಳೂರಿನ ಎಚ್‌ಎಎಲ್ ರನ್‌ವೇಯಿಂದ ಪುಟ್ಟ ವಿಮಾನವೊಂದು ಮೊದಲ ಸಲ ಮೇಲೇರಿತು. ಟಿಎಚ್ 4001 ಎಂಬುದು ಅದರ ಸಂಖ್ಯೆ. ಮೂಗಿನಲ್ಲಿ ನಾಲ್ಕು ಅಲಗಿನ ಪ್ರೊಪೆಲ್ಲರ್, ಒಂದರ ಹಿಂದೊಂದು ಎರಡು ಸೀಟು, ಗರಿಷ್ಠ ತೂಕ 2,800 ಕೆ.ಜಿ. ಎಚ್‌ಟಿಟಿ-40, ಅಂದರೆ ಹಿಂದೂಸ್ತಾನ್ ಟರ್ಬೊ ಟ್ರೇನರ್-40ರ ಉತ್ಪಾದನಾ ಸರಣಿಯ ಮೊದಲ ವಿಮಾನ ಅದು. ಅದಕ್ಕೆ ಒಂದು ವಾರ ಮುಂಚೆ ನಾಸಿಕ್‌ನಲ್ಲಿ ತೇಜಸ್ ಮಾರ್ಕ್-1ಎ ಯುದ್ಧವಿಮಾನ ಹಾರಿದ್ದು ಎಲ್ಲ ಟಿವಿಗಳಲ್ಲೂ ಬಂತು. ಈ ಪುಟ್ಟ ವಿಮಾನದ ಸುದ್ದಿ ಒಳಪುಟದಲ್ಲೇ ಮುಗಿಯಿತು. ತೇಜಸ್ ಹಾರಿಸುವ ಪೈಲಟ್ ಮೊತ್ತಮೊದಲು ಕೂರುವುದು ಮಾತ್ರ ಇಂಥ ತರಬೇತಿ ವಿಮಾನದಲ್ಲೇ. ಅಲ್ಲಿ ಕಲಿತ ಕೈ, ಅಲ್ಲಿ ಕಲಿತ ಕಣ್ಣು ನಿವೃತ್ತಿಯವರೆಗೂ ಅವರ ಜೊತೆಗಿರುತ್ತದೆ.

ಸಂಸೆ, ಕಳಸ, ಕುದುರೆಮುಖದ ನಮ್ಮ ಕಡೆಯ ಆಕಾಶದಲ್ಲಿ ಇಂಥ ವಿಮಾನಗಳು ಕಾಣುವುದಿಲ್ಲ. ಮಳೆಗಾಲದ ನಾಲ್ಕು ತಿಂಗಳು ಆಕಾಶವೇ ಕಾಣುವುದಿಲ್ಲ ಎನ್ನಿ. ಆದರೂ ಪಿಯುಸಿ ಓದುವ ಮಕ್ಕಳಲ್ಲಿ ವಾಯುಪಡೆಯ ಕನಸಿಗೆ ಬರವಿಲ್ಲ. ಹಾಗೆ ಕನಸು ಕಟ್ಟಿಕೊಂಡ ಹುಡುಗನೊಬ್ಬ ಈಚೆಗೆ ಕೇಳಿದ: ‘ಫ್ಯಾನ್ ಇರೋ ವಿಮಾನ ಹಳೇ ಕಾಲದ್ದಲ್ವಾ ಸರ್? ಮುಂದೆ ಜೆಟ್ ಹಾರಿಸೋರಿಗೆ ಶುರುವಿಂದಲೇ ಜೆಟ್‌ನಲ್ಲೇ ಯಾಕೆ ಕಲಿಸಲ್ಲ?’ ಒಳ್ಳೆಯ ಪ್ರಶ್ನೆ. ವಾಯುಪಡೆಗಳೇ ಈ ಪ್ರಶ್ನೆಗೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉತ್ತರ ಕೊಟ್ಟಿವೆ. ಜಗತ್ತಿನ ಬಹುಪಾಲು ವಾಯುಪಡೆಗಳು ಈಗ ಬಂದು ನಿಂತಿರುವುದು ಟರ್ಬೊಪ್ರಾಪ್‌ನಲ್ಲಿ.

ಟರ್ಬೊಪ್ರಾಪ್‌ನ ಒಳಗಿರುವುದೂ ಜೆಟ್ ಎಂಜಿನ್ನಿನಂಥದೇ ಟರ್ಬೈನು. ಗಾಳಿಯನ್ನು ಎಳೆದು, ಒತ್ತಿ, ಸೀಮೆಎಣ್ಣೆ ಜಾತಿಯ ಇಂಧನ ಉರಿಸಿ, ಬಿಸಿ ಅನಿಲದಿಂದ ಚಕ್ರ ತಿರುಗಿಸುತ್ತದೆ. ಜೆಟ್ ವಿಮಾನ ಆ ಅನಿಲವನ್ನು ಹಿಂದಕ್ಕೆ ಚಿಮ್ಮಿ ಮುಂದೆ ಸಾಗಿದರೆ, ಇಲ್ಲಿ ಅದರ ಶಕ್ತಿಯ ಬಹುಪಾಲು ಪ್ರೊಪೆಲ್ಲರ್ ತಿರುಗಿಸಲು ಹೋಗುತ್ತದೆ. ಎಚ್‌ಟಿಟಿ-40ರಲ್ಲಿರುವುದು ಅಮೆರಿಕದ ಹನಿವೆಲ್ ಕಂಪನಿಯ ಟಿಪಿಇ331-12ಬಿ ಎಂಜಿನ್. ಈ ಕುಟುಂಬದ ಎಂಜಿನ್ನುಗಳ ಒಳಗಿನ ಶಾಫ್ಟು ನಿಮಿಷಕ್ಕೆ 41,000ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಆ ವೇಗದಲ್ಲಿ ಪ್ರೊಪೆಲ್ಲರ್ ತಿರುಗಿದರೆ ಅಲಗುಗಳು ಉಳಿಯುವುದಿಲ್ಲ. ಮುಂದಿರುವ ಗೇರ್‌ಬಾಕ್ಸು ಅದನ್ನು ಎರಡು ಸಾವಿರ ಸುತ್ತಿನ ಆಸುಪಾಸಿಗೆ ಇಳಿಸುತ್ತದೆ. ಟರ್ಬೈನು ನೇರವಾಗಿ, ಪ್ರೊಪೆಲ್ಲರ್ ಗೇರ್ ಮೂಲಕ, ಎರಡೂ ಒಂದೇ ಶಾಫ್ಟಿಗೆ ಕಟ್ಟಿಕೊಂಡಿರುವುದು ಈ ಎಂಜಿನ್ನಿನ ಗುಣ. ಹಾರಾಟದಲ್ಲಿ ಶಾಫ್ಟು ಹೆಚ್ಚುಕಡಿಮೆ ಪೂರ್ಣ ವೇಗದಲ್ಲೇ ತಿರುಗುತ್ತಿರುವುದರಿಂದ ಥ್ರಾಟಲ್ ಮುಂದೊತ್ತಿದ ಕೂಡಲೇ ಬಲ ಸಿಗುತ್ತದೆ. ಲ್ಯಾಂಡಿಂಗಿನಲ್ಲಿ ಎಡವಟ್ಟು ಮಾಡಿಕೊಂಡು ಕೊನೆ ಗಳಿಗೆಯಲ್ಲಿ ಮತ್ತೆ ಮೇಲೇರಬೇಕಾದ ಹೊಸಬನಿಗೆ ಆ ಕ್ಷಣ ಬಹಳ ದೊಡ್ಡದು. ಹಳೆಯ ತಲೆಮಾರಿನ ಜೆಟ್ ಎಂಜಿನ್ನುಗಳು ವೇಗ ಹಿಡಿಯಲು ಹಲವು ಸೆಕೆಂಡು ತೆಗೆದುಕೊಳ್ಳುತ್ತಿದ್ದವು.

ಖರ್ಚಿನ ಮಾತೂ ಇದೆ. ಕಡಿಮೆ ಎತ್ತರದಲ್ಲಿ, ಕಡಿಮೆ ವೇಗದಲ್ಲಿ ಟರ್ಬೊಪ್ರಾಪ್ ಕುಡಿಯುವ ಇಂಧನ ಜೆಟ್ಟಿಗಿಂತ ಬಹಳ ಕಡಿಮೆ. ಪಾಠ ನಡೆಯುವುದೂ ಅಲ್ಲೇ. ಒಬ್ಬ ಕೆಡೆಟ್ ಒಂದೇ ತಪ್ಪನ್ನು ಹತ್ತು ಸಲ ಮಾಡಿ ಹನ್ನೊಂದನೇ ಸಲ ಸರಿ ಮಾಡಬೇಕು. ಹಾರಾಟದ ಗಂಟೆ ಅಗ್ಗವಾದಷ್ಟೂ ಆ ಹನ್ನೊಂದನೇ ಸಲಕ್ಕೆ ಅವಕಾಶ ಹೆಚ್ಚು. ಪಿಸ್ಟನ್ ಎಂಜಿನ್ನಿನ ವಿಮಾನ ಇನ್ನೂ ಅಗ್ಗವಲ್ಲವೇ ಎಂದರೆ, ಹೌದು. ಆದರೆ ಅದಕ್ಕೆ ಬೇಕಾಗುವ ವಿಮಾನದ ಪೆಟ್ರೋಲು ದುಬಾರಿ, ಅದನ್ನು ಬೇರೆಯಾಗಿ ತರಿಸಿ ಶೇಖರಿಸಬೇಕು. ಅದರಿಂದ ಜೆಟ್ಟಿಗೆ ಜಿಗಿಯುವಾಗ ಎದುರಾಗುವ ಕಂದಕವೂ ದೊಡ್ಡದು. ಎಚ್‌ಟಿಟಿ-40 ಗಂಟೆಗೆ 450 ಕಿ.ಮೀ. ವೇಗ ಮುಟ್ಟುತ್ತದೆ, 6 ಕಿ.ಮೀ. ಎತ್ತರಕ್ಕೆ ಏರುತ್ತದೆ. ಕಾಕ್‌ಪಿಟ್‌ನಲ್ಲಿ ಮುಳ್ಳಿನ ಗಡಿಯಾರಗಳ ಬದಲು ಪರದೆಗಳು, ಹವಾನಿಯಂತ್ರಣ, ನೆಲದ ಮೇಲೆ ನಿಂತಿದ್ದಾಗಲೂ ಪೈಲಟ್ಟನ್ನು ಹೊರಕ್ಕೆ ಚಿಮ್ಮಿ ಬದುಕಿಸಬಲ್ಲ ಇಜೆಕ್ಷನ್ ಸೀಟು. ಇಲ್ಲಿಂದ ಮುಂದಿನ ಮೆಟ್ಟಿಲಿಗೆ ಹೋಗುವವನಿಗೆ ಅಲ್ಲಿನ ಕಾಕ್‌ಪಿಟ್ ತೀರಾ ಅಪರಿಚಿತ ಅನ್ನಿಸುವುದಿಲ್ಲ.

ಸೀಟು ಇಡುವ ಕ್ರಮದಲ್ಲೂ ಒಂದು ವಿಚಾರವಿದೆ. ಸಂಸೆ ಕಡೆಯಿಂದ ಮುಳ್ಳೋಡಿಗೆ ಚಾರಣಿಗರನ್ನು ಹೊತ್ತೊಯ್ಯುವ ಜೀಪು ಚಾಲಕರನ್ನು ನೋಡಿ. ಹೊಸಬರಿಗೆ ಆ ಕೊರಕಲು ದಾರಿ ಕಲಿಸುವವರು ಪಕ್ಕದಲ್ಲೇ ಕೂತಿರುತ್ತಾರೆ. ಹುಡುಗನ ಕಾಲು ಎಲ್ಲಿದೆ, ಕಣ್ಣು ಎಲ್ಲಿದೆ ಎಂದು ನೋಡುತ್ತಾರೆ, ಬೇಕಾದರೆ ಕೈಯನ್ನೇ ಹಿಡಿದು ತಿರುಗಿಸುತ್ತಾರೆ. ಹಳೆಯ ಎಚ್‌ಪಿಟಿ-32 ದೀಪಕ್ ವಿಮಾನದಲ್ಲಿ ವ್ಯವಸ್ಥೆ ಹೀಗೇ ಇತ್ತು. ಗುರು ಶಿಷ್ಯರಿಬ್ಬರೂ ಅಕ್ಕಪಕ್ಕ. ಎಚ್‌ಟಿಟಿ-40ರಲ್ಲಿ ಕೆಡೆಟ್ ಮುಂದೆ, ಬೋಧಕ ಹಿಂದೆ. ಹಿಂದಿನ ಸೀಟನ್ನು ತುಸು ಎತ್ತರದಲ್ಲಿ ಇಟ್ಟಿರುತ್ತಾರೆ. ಶಿಷ್ಯನ ಮುಖ ಬೋಧಕರಿಗೆ ಕಾಣುವುದಿಲ್ಲ. ವಿಮಾನದ ಚಲನೆ, ವಿಮಾನ ನಡೆಸುವ ಜೋಡಿ ಸ್ಟಿಕ್ಕಿನ ಅಲುಗಾಟ, ಇಯರ್‌ಫೋನಿನಲ್ಲಿ ಕೇಳುವ ಉಸಿರು, ಇಷ್ಟರಿಂದಲೇ ಅವನ ಮನಸ್ಸನ್ನು ಓದಬೇಕು. ಕೆಡೆಟ್‌ಗೆ ಮಾತ್ರ ಮೊದಲ ದಿನದಿಂದಲೇ ಯುದ್ಧವಿಮಾನದ ನೋಟ: ಎರಡೂ ಕಡೆ ಒಂದೇ ಸಮ ಆಕಾಶ, ಪಕ್ಕದಲ್ಲಿ ಯಾರೂ ಇಲ್ಲ.

ತರಬೇತಿ ವಿಮಾನದ ನಿಜವಾದ ಪರೀಕ್ಷೆ ಸ್ಪಿನ್. ವಿಮಾನದ ಮೂಗು ಮೇಲೆದ್ದು ವೇಗ ತಗ್ಗಿದಾಗ ರೆಕ್ಕೆಯ ಮೇಲಿನ ಗಾಳಿಯ ಹರಿವು ಕಡಿದುಹೋಗುತ್ತದೆ. ಇದನ್ನು ಸ್ಟಾಲ್ ಎನ್ನುತ್ತಾರೆ. ಒಂದು ರೆಕ್ಕೆ ಇನ್ನೊಂದಕ್ಕಿಂತ ಮೊದಲು ಸೋತರೆ ವಿಮಾನ ಆ ಕಡೆಗೆ ವಾಲಿ, ಮೂಗು ನೆಲಕ್ಕೆ ಮಾಡಿ, ಗಿರಗಿರನೆ ಸುತ್ತುತ್ತಾ ಬೀಳತೊಡಗುತ್ತದೆ. ಗಾಜಿನಾಚೆ ಹೊಲ, ಕೆರೆ, ರಸ್ತೆ ಎಲ್ಲ ಸುತ್ತುತ್ತಿರುತ್ತವೆ. ಕೈಗೆ ಆಗ ಸಹಜವಾಗಿ ತೋಚುವುದು ಸ್ಟಿಕ್ಕನ್ನು ಹಿಂದಕ್ಕೆಳೆದು ಮೂಗು ಎತ್ತುವುದೇ. ಹಾಗೆ ಮಾಡಿದರೆ ಸ್ಪಿನ್ ಇನ್ನೂ ಬಿಗಿಯುತ್ತದೆ. ಮಾಡಬೇಕಾದ್ದು ಬೇರೆ: ಥ್ರಾಟಲ್ ಪೂರ್ತಿ ಹಿಂದಕ್ಕೆ, ಸ್ಟಿಕ್ ಎಡಬಲ ವಾಲದಂತೆ ನಡುವೆ, ಸುತ್ತುತ್ತಿರುವ ದಿಕ್ಕಿಗೆ ಎದುರಾಗಿ ರಡ್ಡರ್ ಪೆಡಲ್ ಪೂರ್ತಿ ಒತ್ತಿ, ಆಮೇಲೆ ಸ್ಟಿಕ್ಕನ್ನು ಮುಂದಕ್ಕೆ, ನೆಲದ ಕಡೆಗೇ, ತಳ್ಳಬೇಕು. ನೆಲ ಮೇಲೇರಿ ಬರುತ್ತಿರುವಾಗ ನೆಲದ ಕಡೆಗೆ ತಳ್ಳುವ ಧೈರ್ಯ ಪುಸ್ತಕದಿಂದ ಬರುವುದಿಲ್ಲ. ಬೇಕೆಂದೇ ಸ್ಪಿನ್‌ಗೆ ಹಾಕಿ, ಬಿಡಿಸಿಕೊಂಡು, ಮತ್ತೆ ಹಾಕಿ ಕಲಿಸಬೇಕು. ಅದಕ್ಕಾಗಿ ವಿಮಾನ ಎರಡು ಗುಣಗಳನ್ನು ಹೊಂದಿರಬೇಕು: ಹೇಳಿದಾಗ ಸ್ಪಿನ್‌ಗೆ ಹೋಗಬೇಕು, ಹೇಳಿದಾಗ ತಪ್ಪದೆ ಹೊರಗೆ ಬರಬೇಕು.

ಎಚ್‌ಟಿಟಿ-40ರ ಸ್ಪಿನ್ ಪರೀಕ್ಷೆ 2018ರಲ್ಲಿ ಶುರುವಾಯಿತು. ವಿಮಾನ ಹಟ ಹಿಡಿದರೆ ಬಿಡಿಸಲೆಂದು ಬಾಲದ ತುದಿಯಲ್ಲಿ ವಿಶೇಷ ಪ್ಯಾರಾಶೂಟ್ ಕಟ್ಟಿಕೊಂಡು ಪರೀಕ್ಷಾ ಪೈಲಟ್‌ಗಳು ಮೇಲೇರಿದರು. ಮೊದಲು ಒಂದು ಸುತ್ತು, ಆಮೇಲೆ ಎರಡು, ಹೀಗೆ ಎಡಕ್ಕೂ ಬಲಕ್ಕೂ ಆರಾರು ಸುತ್ತಿನವರೆಗೆ ಹೋದರು. ಇಷ್ಟು ಸಾವಧಾನ ಏಕೆಂದು ಕೇಳುವವರಿಗೆ ಎಚ್‌ಎಎಲ್‌ನದೇ ಇನ್ನೊಂದು ವಿಮಾನ ಉತ್ತರ ಹೇಳುತ್ತದೆ. 2003ರಲ್ಲಿ ಮೊದಲು ಹಾರಿದ ಎಚ್‌ಜೆಟಿ-36 ಜೆಟ್ ತರಬೇತಿ ವಿಮಾನ ಸ್ಪಿನ್ ವಿಷಯದಲ್ಲೇ ಸಿಕ್ಕಿಹಾಕಿಕೊಂಡು, ಬಾಲದ ವಿನ್ಯಾಸವನ್ನೇ ಬದಲಾಯಿಸಬೇಕಾಗಿ ಬಂದು, ವರ್ಷಗಟ್ಟಲೆ ಹಿಂದೆ ಬಿತ್ತು. 2025ರಲ್ಲಿ ಅದಕ್ಕೆ ಯಶಸ್ ಎಂಬ ಹೊಸ ಹೆಸರು ಬಂದಿದೆ.

ಬೆಂಗಳೂರಿಗೂ ತರಬೇತಿ ವಿಮಾನಕ್ಕೂ ಇರುವ ನಂಟು ಎಚ್‌ಎಎಲ್ ಕಾರ್ಖಾನೆಯ ಹುಟ್ಟಿನಿಂದಲೇ ಬಂದದ್ದು. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಜೊತೆಗೂಡಿ 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪಿಸಿದರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಮರುವರ್ಷ ಅಲ್ಲಿ ಜೋಡಿಸಿ ಹಾರಿಸಿದ ಮೊದಲ ವಿಮಾನ ಅಮೆರಿಕದ ಹಾರ್ಲೋ ಪಿಸಿ-5, ಅದೂ ತರಬೇತಿ ವಿಮಾನವೇ. ಸ್ವಂತ ವಿನ್ಯಾಸದ ಮೊದಲ ವಿಮಾನ ಎಚ್‌ಟಿ-2, 1951ರ ಆಗಸ್ಟಿನಲ್ಲಿ ಹಾರಿತು. ಅದರ ಹಿಂದಿದ್ದವರು ಡಾ. ವಿ.ಎಂ. ಘಾಟಗೆ. ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್ ಅವರ ಬಳಿ ವಾಯುಚಲನ ವಿಜ್ಞಾನ ಕಲಿತು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳಿ, ಎಚ್‌ಎಎಲ್ ವಿನ್ಯಾಸ ವಿಭಾಗವನ್ನು ಕಟ್ಟಿದವರು. ಎಚ್‌ಟಿ-2 ವಿಮಾನಗಳು 170ಕ್ಕೂ ಹೆಚ್ಚು ತಯಾರಾದವು, ಘಾನಾ ದೇಶಕ್ಕೂ ಹೋದವು. ಬೀದರ್‌ನ ವಾಯುನೆಲೆಯಲ್ಲಿ ಎಷ್ಟೋ ಪೈಲಟ್‌ಗಳು ಮೊದಲ ಪಾಠ ಕಲಿತದ್ದು ಇದರ ಮೇಲೆ. ಹೊಸಬರಿಗೆ ಇದು ಸುಲಭದ ವಿಮಾನವಾಗಿರಲಿಲ್ಲ. ಬಾಲದಲ್ಲಿ ಚಕ್ರ ಇದ್ದುದರಿಂದ ಇಳಿಸುವಾಗ ಎಚ್ಚರ ತಪ್ಪಿದರೆ ನೆಲದ ಮೇಲೇ ಗಿರ್ರನೆ ತಿರುಗಿಬಿಡುತ್ತಿತ್ತು. ಹಾಗಿದ್ದೂ ಸ್ವಾತಂತ್ರ್ಯ ಬಂದು ನಾಲ್ಕೇ ವರ್ಷಕ್ಕೆ ಇಂಥದ್ದೊಂದನ್ನು ನಮ್ಮವರು ಕಟ್ಟಿದರಲ್ಲ ಎಂಬ ಹೆಮ್ಮೆ ನನಗೆ ದೊಡ್ಡದು. ಎಚ್‌ಎಎಲ್ ವಿಮಾನ ನಿಲ್ದಾಣ ರಸ್ತೆಯ ಸಂಗ್ರಹಾಲಯದಲ್ಲಿ ಎಚ್‌ಟಿ-2 ಈಗಲೂ ನೋಡಲು ಸಿಗುತ್ತದೆ. ಬೆಂಗಳೂರಿಗೆ ಹೋದಾಗ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ.

ಎಚ್‌ಟಿ-2ರ ಜಾಗಕ್ಕೆ ಬಂದದ್ದು ಎಚ್‌ಪಿಟಿ-32 ದೀಪಕ್. 1977ರ ಜನವರಿಯಲ್ಲಿ ಮೊದಲ ಹಾರಾಟ, 260 ಅಶ್ವಶಕ್ತಿಯ ಪಿಸ್ಟನ್ ಎಂಜಿನ್, ಮಡಚಿಕೊಳ್ಳದ ಚಕ್ರಗಳು. ಈ ದೀಪಕ್‌ನ ಮೂರನೇ ಮೂಲಮಾದರಿಗೆ ಪಿಸ್ಟನ್ ತೆಗೆದು 420 ಅಶ್ವಶಕ್ತಿಯ ಆಲಿಸನ್ ಟರ್ಬೈನ್ ಕೂರಿಸಿ ಎಚ್‌ಎಎಲ್‌ನವರು ಇನ್ನೊಂದು ರೂಪ ಮಾಡಿದರು. ಅದೇ ಎಚ್‌ಟಿಟಿ-34. 1984ರ ಜೂನ್ 17ರಂದು ಅದು ಬೆಂಗಳೂರಿನಲ್ಲಿ ಹಾರಿತು. ಭಾರತದ ಮೊದಲ ಟರ್ಬೊಪ್ರಾಪ್ ತರಬೇತಿ ವಿಮಾನ ಅದು.

ಅದೇ ವರ್ಷ ಮೇ 7ರಂದು, ಅಂದರೆ ನಲವತ್ತೊಂದು ದಿನ ಮುಂಚೆ, ಸ್ವಿಟ್ಜರ್‌ಲೆಂಡಿನಲ್ಲಿ ಪಿಲಾಟಸ್ ಕಂಪನಿಯ ಪಿಸಿ-9 ಹಾರಿತ್ತು. ಈ ಎರಡು ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗಲೆಲ್ಲ ನನ್ನ ಮನಸ್ಸು ಕಲಕುತ್ತದೆ. ಎರಡೂ ಸಮಬಲದ ವಿಮಾನಗಳಾಗಿರಲಿಲ್ಲ. ಪಿಸಿ-9ಕ್ಕೆ 950 ಅಶ್ವಶಕ್ತಿ, ಮಡಚುವ ಚಕ್ರ, ಇಜೆಕ್ಷನ್ ಸೀಟು. ಆದರೆ ಪಿಲಾಟಸ್ ಅಲ್ಲಿಗೆ ಮುಟ್ಟಿದ್ದು ಮೆಟ್ಟಿಲು ಮೆಟ್ಟಿಲಾಗಿ. 1950ರ ದಶಕದ ಪಿ-3 ಎಂಬ ತಮ್ಮ ಪಿಸ್ಟನ್ ವಿಮಾನಕ್ಕೆ 1966ರಲ್ಲಿ ಟರ್ಬೈನ್ ಜೋಡಿಸಿ ನೋಡಿದರು. ಬೆಂಗಳೂರಿನವರು ದೀಪಕ್‌ಗೆ ಮಾಡಿದ್ದೂ ಇದನ್ನೇ. ಆ ಪ್ರಯೋಗವನ್ನು ಅವರು ಕೈಬಿಡಲಿಲ್ಲ. ತಿದ್ದಿ ತೀಡಿ 1978ರಿಂದ ಪಿಸಿ-7 ಹೆಸರಿನಲ್ಲಿ ಹಲವು ದೇಶಗಳಿಗೆ ಮಾರಿದರು. ಅದರ ಅನುಭವದಿಂದ ಪಿಸಿ-9 ಬಂತು. ಪಿಸಿ-9ರ ದೇಹಕ್ಕೆ 700 ಅಶ್ವಶಕ್ತಿಯ ಎಂಜಿನ್ ಇಟ್ಟು ಪಿಸಿ-7 ಮಾರ್ಕ್-2 ಮಾಡಿದರು. ಪಿಸಿ-9ರಿಂದಲೇ ಅಮೆರಿಕದ ಟಿ-6 ಟೆಕ್ಸನ್-2 ಹುಟ್ಟಿತು, ಅಮೆರಿಕದ ವಾಯುಪಡೆ, ನೌಕಾಪಡೆ ಎರಡರ ಕೆಡೆಟ್‌ಗಳೂ ಅದರಲ್ಲಿ ಕಲಿತರು. ಬ್ರೆಜಿಲ್‌ನ ಎಂಬ್ರಾಯರ್ 1980ರಲ್ಲಿ ಹಾರಿಸಿದ ಟುಕಾನೊ ಕೂಡ ಹೀಗೇ ಕವಲೊಡೆಯಿತು. ಬೆಲ್‌ಫಾಸ್ಟ್‌ನ ಶಾರ್ಟ್ಸ್ ಕಂಪನಿ ಅದರ ಎಂಜಿನ್ ಬದಲಿಸಿ ಬ್ರಿಟನ್ನಿನ ವಾಯುಪಡೆಗೆ ಕೊಟ್ಟಿತು, 1989ರಿಂದ 2019ರವರೆಗೆ ಅದು ಅಲ್ಲಿ ದುಡಿಯಿತು. ಅವರು ಕೂರಿಸಿದ್ದು ಟಿಪಿಇ331-12ಬಿ, ಇವತ್ತು ಎಚ್‌ಟಿಟಿ-40ರ ಮೂಗಿನಲ್ಲಿರುವ ಅದೇ ಸರಣಿಯ ಎಂಜಿನ್. ದಾಳಿಗೆ ಬಳಸುವ ಸೂಪರ್ ಟುಕಾನೊ ಮತ್ತೊಂದು ಕವಲು.

ಎಚ್‌ಟಿಟಿ-34ಕ್ಕೆ ನಮ್ಮಲ್ಲಿ ಯಾರೂ ಆರ್ಡರ್ ಕೊಡಲಿಲ್ಲ. ಕಥೆ ಅಲ್ಲಿಗೇ ನಿಂತಿತು. ವಾಯುಪಡೆಗೆ ಪಿಸ್ಟನ್ ದೀಪಕ್ ಹೋಯಿತು. ನಿಂತುಹೋದ ಎಂಜಿನ್ನಿನೊಂದಿಗೆ ದೂರ ತೇಲುವ ಗುಣ ಅದಕ್ಕಿರಲಿಲ್ಲ, ಇಜೆಕ್ಷನ್ ಸೀಟೂ ಇರಲಿಲ್ಲ. ಎಂಜಿನ್ ನಿಂತುಹೋಗುವ ತೊಂದರೆ ಮಾತ್ರ ಮರುಕಳಿಸುತ್ತಲೇ ಇತ್ತು. 2009ರ ಜುಲೈ 31ರಂದು ಹೈದರಾಬಾದ್ ಸಮೀಪ ಒಂದು ದೀಪಕ್ ಬಿದ್ದು ಇಬ್ಬರು ಅನುಭವಿ ಬೋಧಕ ಪೈಲಟ್‌ಗಳು ತೀರಿಕೊಂಡರು. ಅದರೊಂದಿಗೆ 17 ಅಪಘಾತ, 19 ಸಾವು. ಇಡೀ ಪಡೆಯನ್ನು ನೆಲಕ್ಕೆ ಇಳಿಸಲಾಯಿತು. ಹೊಸ ಕೆಡೆಟ್‌ಗಳನ್ನು ನೇರವಾಗಿ ಕಿರಣ್ ಜೆಟ್ ಹತ್ತಿಸಬೇಕಾಯಿತು. ಕಿರಣ್ ಸಾಲದೆ ಬಂದಾಗ ಬೀದರ್‌ನ ಹೆಮ್ಮೆಯಾದ ಸೂರ್ಯಕಿರಣ್ ವೈಮಾನಿಕ ಕಸರತ್ತು ತಂಡದ ವಿಮಾನಗಳನ್ನೂ ಪಾಠಕ್ಕೆ ತೆಗೆದುಕೊಂಡರು. 2011ರ ಏರೋ ಇಂಡಿಯಾ ವಿಮಾನ ಪ್ರದರ್ಶನ ಮುಗಿದ ಮೇಲೆ ಯಲಹಂಕದ ಆಕಾಶದಿಂದ ಆ ವಿಮಾನಗಳು ಹಲವು ವರ್ಷ ಕಾಣೆಯಾದದ್ದು ಈ ಕಾರಣಕ್ಕೆ. ಮೊದಲ ಪಾಠದ ವಿಮಾನವನ್ನು ಸಣ್ಣದೆಂದು ಕಡೆಗಣಿಸಿದರೆ ತೆರಬೇಕಾದ ಬೆಲೆ ಎಲ್ಲೆಲ್ಲಿಗೆ ಮುಟ್ಟುತ್ತದೆ ನೋಡಿ.

2012ರ ಮೇ ತಿಂಗಳಲ್ಲಿ ಭಾರತ 75 ಪಿಲಾಟಸ್ ಪಿಸಿ-7 ಮಾರ್ಕ್-2 ವಿಮಾನಗಳಿಗೆ ಸಹಿ ಹಾಕಿತು. ಮರುವರ್ಷದಿಂದ ದುಂಡಿಗಲ್‌ನ ವಾಯುಪಡೆ ಅಕಾಡೆಮಿಯಲ್ಲಿ ಅವು ಪಾಠ ಶುರು ಮಾಡಿದವು, ಚೆನ್ನಾಗಿಯೇ ಕಲಿಸಿದವು. ಟರ್ಬೊಪ್ರಾಪ್ ಬಂದ ಮಾತ್ರಕ್ಕೆ ಅಪಾಯ ಇಲ್ಲವಾಗುವುದಿಲ್ಲ. 2023ರ ಡಿಸೆಂಬರ್ 4ರಂದು ಮೇದಕ್ ಜಿಲ್ಲೆಯಲ್ಲಿ ಪಿಲಾಟಸ್ ಬಿದ್ದು ಬೋಧಕರೂ ಕೆಡೆಟ್ಟೂ ಹೋದರು. ಹಾಗಿದ್ದರೂ ವಾಯುಪಡೆಯ ಮಟ್ಟಿಗೆ ಪಿಲಾಟಸ್ ತುರ್ತಿನಲ್ಲಿ ಕೈಹಿಡಿದ ವಿಮಾನವೆಂಬುದು ನಿಜ. 1984ರಲ್ಲಿ ಬೆಂಗಳೂರಿಗಿಂತ ನಲವತ್ತೊಂದು ದಿನ ಮೊದಲು ಹಾರಿದ ವಿಮಾನದ ಮೈಯನ್ನೇ ನಾವು ಇಪ್ಪತ್ತೆಂಟು ವರ್ಷ ಕಳೆದು ಸಾವಿರಾರು ಕೋಟಿ ಕೊಟ್ಟು ತಂದೆವು ಎಂಬುದೂ ಅಷ್ಟೇ ನಿಜ.

ಅಷ್ಟರಲ್ಲಿ ಎಚ್‌ಎಎಲ್ ತನ್ನದೇ ಹಣ ಹಾಕಿ ಎಚ್‌ಟಿಟಿ-40ರ ಕೆಲಸಕ್ಕೆ ಇಳಿದಿತ್ತು. ವಾಯುಪಡೆಗೆ ಆಗ ಈ ಯೋಜನೆಯಲ್ಲಿ ನಂಬಿಕೆ ಇರಲಿಲ್ಲ. ಕೈಗೆ ಸಿದ್ಧವಾಗಿ ಸಿಗುವ ಪಿಲಾಟಸ್ಸನ್ನೇ ಇನ್ನಷ್ಟು ತರೋಣ ಎಂಬ ವಾದ ಅವರದು. ದೀಪಕ್‌ನಲ್ಲಿ ಸಹೋದ್ಯೋಗಿಗಳನ್ನು ಕಳೆದುಕೊಂಡವರ ಹಿಂಜರಿಕೆಯನ್ನು ನಾನು ತಪ್ಪೆನ್ನಲಾರೆ. ಆದರೆ ಆರ್ಡರ್ ಇಲ್ಲದೆಯೂ ಮೇಜು ಬಿಟ್ಟೇಳದೆ ಕೂತ ಬೆಂಗಳೂರಿನ ಎಂಜಿನಿಯರ್‌ಗಳ ಛಲ ದೊಡ್ಡದು. 2016ರ ಮೇ 31ರಂದು ಮೊದಲ ಮೂಲಮಾದರಿ ಹಾರಿತು. ರಕ್ಷಣಾ ಸಚಿವ ಮನೋಹರ ಪರಿಕ್ಕರ್ ಅವರ ಎದುರು ವಿಧ್ಯುಕ್ತ ಹಾರಾಟ ನಡೆದದ್ದು ಜೂನ್ 17ರಂದು. ಎಚ್‌ಟಿಟಿ-34 ಹಾರಿ ಅಂದಿಗೆ ಸರಿಯಾಗಿ ಮೂವತ್ತೆರಡು ವರ್ಷ. ಮರುದಿನ ಪರಿಕ್ಕರ್ ದುಂಡಿಗಲ್‌ನಲ್ಲಿದ್ದರು. ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಅಂದು ದೇಶದ ಮೊದಲ ಮಹಿಳಾ ಯುದ್ಧವಿಮಾನ ಪೈಲಟ್‌ಗಳಾಗಿ ವಾಯುಪಡೆ ಸೇರಿದರು. ಅವರು ಮುಂದಿನ ಹಾಕ್ ಜೆಟ್ ತರಬೇತಿಗೆ ಬಂದದ್ದು ನಮ್ಮ ಬೀದರ್‌ಗೆ.

ಆಮೇಲಿನ ಹೆಜ್ಜೆಗಳು ನಿಧಾನವಾಗಿಯೇ ಬಿದ್ದವು. 2020ರ ಆಗಸ್ಟಿನಲ್ಲಿ ರಕ್ಷಣಾ ಖರೀದಿ ಮಂಡಳಿ ಒಟ್ಟು 106 ವಿಮಾನಗಳಿಗೆ ತಾತ್ವಿಕ ಒಪ್ಪಿಗೆ ಕೊಟ್ಟಿತು. 2023ರ ಮಾರ್ಚಿನಲ್ಲಿ ಮೊದಲ 70ಕ್ಕೆ 6,800 ಕೋಟಿ ರೂಪಾಯಿಗೂ ಮೀರಿದ ಒಪ್ಪಂದ ಆಯಿತು. ಅದಕ್ಕೆ ಮುಂಚೆಯೇ, 2022ರ ಜುಲೈನಲ್ಲಿ, ಹನಿವೆಲ್ ಜೊತೆ 88 ಎಂಜಿನ್‌ಗಳ ಒಪ್ಪಂದವಾಗಿತ್ತು. ವಿಮಾನ ತಡವಾದದ್ದೂ ಬಹುಪಾಲು ಆ ಎಂಜಿನ್‌ಗಳು ಬರುವುದು ತಡವಾದ್ದರಿಂದ. ದೇಹ ನಮ್ಮದಾದರೂ ಹೃದಯ ಹೊರಗಿನದು ಎಂಬ ಕೊರತೆ ತೇಜಸ್‌ನಂತೆ ಇಲ್ಲೂ ಇದೆ. ವಿನ್ಯಾಸ ನಮ್ಮ ಕೈಯಲ್ಲಿರುವುದರ ಲಾಭ ಬೇರೆ ಕಡೆ ಸಿಗುತ್ತದೆ. ಬೋಧಕರು ಇಲ್ಲಿ ಈ ಸ್ವಿಚ್ಚು ಬೇಡ, ಅಲ್ಲಿರಲಿ ಎಂದರೆ ಬೆಂಗಳೂರಿನಲ್ಲೇ ಕೂತು ಬದಲಿಸಬಹುದು. ರೆಕ್ಕೆಯಡಿ ಹಗುರ ಶಸ್ತ್ರ ಕಟ್ಟುವ ರೂಪವನ್ನೂ ಎಚ್‌ಎಎಲ್ ಮುಂದಿಟ್ಟಿದೆ. ಯಾರ ಅಪ್ಪಣೆಗೂ ಕಾಯದೆ ಅದನ್ನು ಮಾಡಬಹುದು. ಪಿಲಾಟಸ್, ಟುಕಾನೊ ಮನೆತನಗಳು ಬೆಳೆದದ್ದೂ ಇಂಥ ಸ್ವಾತಂತ್ರ್ಯದಿಂದ. ಎಚ್‌ಟಿಟಿ-40 ಇನ್ನೊಂದು ಒಂಟಿ ವಿಮಾನವಾಗಿ ಉಳಿಯಬಾರದು, ಅದರಿಂದ ಎರಡನೆಯದು, ಮೂರನೆಯದು ಹುಟ್ಟಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಬೆಂಗಳೂರಿನ ಜೊತೆಗೆ ನಾಸಿಕ್‌ನಲ್ಲೂ ಎರಡನೇ ಉತ್ಪಾದನಾ ಸಾಲು 2025ರ ಅಕ್ಟೋಬರ್ 17ರಂದು ಶುರುವಾಗಿದೆ.

ಇನ್ನು ಆ ಹುಡುಗನಿಗೆ ಹೇಳಿದ್ದನ್ನು ನಮ್ಮ ಕಡೆಯ ಎಲ್ಲ ಮಕ್ಕಳಿಗೂ ಹೇಳಿಬಿಡುತ್ತೇನೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರಬೇಕು. ಎನ್‌ಡಿಎ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪರೀಕ್ಷೆಯನ್ನು ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ನಡೆಸುತ್ತದೆ, ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವಯಸ್ಸಿನವರಿಗೆ. 2022ರಿಂದ ಹೆಣ್ಣುಮಕ್ಕಳೂ ಅಲ್ಲಿ ಕೆಡೆಟ್‌ಗಳಾಗಿದ್ದಾರೆ. ವಾಯುಪಡೆಯ ಆಯ್ಕೆ ಮಂಡಳಿಯೊಂದು ಮೈಸೂರಿನಲ್ಲೇ ಇದೆ. ಎತ್ತರ ಕನಿಷ್ಠ 162.5 ಸೆಂ.ಮೀ., ಕಾಲಿನ ಉದ್ದ 99ರಿಂದ 120 ಸೆಂ.ಮೀ. ಇರಬೇಕೆಂಬ ನಿಯಮ ಕಂಡು ಕೆಲವರು ಬೇಜಾರಾಗುತ್ತಾರೆ. ರಡ್ಡರ್ ಪೆಡಲ್ ಪೂರ್ತಿ ಒತ್ತಲು ಕಾಲು ಮುಟ್ಟಬೇಕು, ಇಜೆಕ್ಷನ್ ಸೀಟು ಚಿಮ್ಮುವಾಗ ಮೊಣಕಾಲು ಕಾಕ್‌ಪಿಟ್ ಅಂಚಿಗೆ ಬಡಿಯಬಾರದು, ಅಳತೆ ಬಂದಿರುವುದು ಅಲ್ಲಿಂದ. ಪೈಲಟ್ ಅರ್ಹತೆಯ ಕಂಪ್ಯೂಟರ್ ಪರೀಕ್ಷೆಗೆ ಇರುವುದು ಒಂದೇ ಅವಕಾಶ, ಆದ್ದರಿಂದ ಹಿಂದಿನ ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಹೋಗಬೇಡಿ, ಒಂದು ದಿನ ಮುಂಚೆಯೇ ಮೈಸೂರು ಸೇರಿ. ಆಯ್ಕೆಯಾದರೆ ಖಡಕ್‌ವಾಸ್ಲಾದ ಎನ್‌ಡಿಎಯಲ್ಲಿ ಮೂರು ವರ್ಷ, ಆಮೇಲೆ ದುಂಡಿಗಲ್. ಒಪ್ಪಂದದ ಪ್ರಕಾರ ಎಪ್ಪತ್ತೂ ಎಚ್‌ಟಿಟಿ-40 ವಿಮಾನಗಳು ಆರು ವರ್ಷಗಳಲ್ಲಿ, ಅಂದರೆ 2029ರ ಹೊತ್ತಿಗೆ ಬಂದಿರಬೇಕು. ಎಂಜಿನ್‌ಗಳು ವೇಳೆಗೆ ಬಂದರೆ, ಈಗ ಪಿಯುಸಿಯಲ್ಲಿರುವ ಮಕ್ಕಳ ತಂಡಕ್ಕೆ ಮೊದಲ ಪಾಠ ಅವುಗಳಲ್ಲೇ ಆಗುತ್ತದೆ.